ಹಿಂದಿನ ಬ್ರೇಕು

ಮೇಘಾ ಮತ್ತು ಮನೋಹರ ಭಾನುವಾರ ಬೆಳಿಗ್ಗೆ ಗಾಳೆವ್ವನ ಗುಡ್ಡಕ್ಕೆ ಹೋಗುತ್ತಿದ್ದುದು ಜೋಡಿ ಸೈಕಲ್ಲಿನ ಮೇಲೆ. ಎರಡು ಸೀಟು, ಎರಡು ಹ್ಯಾಂಡಲ್ಲು, ನಾಲ್ಕು ಪೆಡಲ್ಲು, ಕಲ್ಲುಮಣ್ಣಿನ ದಾರಿಗೆಂದೇ ಮಾಡಿದ ದಪ್ಪ ಗಾಲಿ. ಮುಂದೆ ಮೇಘಾ, ಹಿಂದೆ ಅವಳ ಗಂಡ ಮನೋಹರ. ರಾಣೆಬೆನ್ನೂರಿನ ಸ್ಟೇಷನ್ ರೋಡಿನಲ್ಲಿ ಅವರು ಹೊರಟರೆ ಚಹಾದಂಗಡಿಯ ಮುಂದೆ ನಿಂತವರು ಬಸಿ ಕೆಳಗಿಟ್ಟು ನೋಡುತ್ತಿದ್ದರು. ಹೆಂಡತಿ ಮುಂದೆ ಕೂತು ಗಂಡನನ್ನು ಹಿಂದೆ ಕೂರಿಸಿಕೊಂಡು ಹೋಗುವುದು ಮೊದಮೊದಲು ಅವರಿಗೆ ನಗು ತರಿಸಿತ್ತು. ಹಿಂದೆ ಕೂತವನಿಗೆ ಕಣ್ಣು ಕಾಣುವುದಿಲ್ಲ ಎಂದು ಗೊತ್ತಾದ ಮೇಲೆ ನಗುವುದು ಬಿಟ್ಟು ಕೈ ಎತ್ತತೊಡಗಿದರು. ಕೈ ಎತ್ತಿದ್ದೂ ಅವನಿಗೆ ಕಾಣುವುದಿಲ್ಲ ಎಂದು ಆಮೇಲೆ ಹೊಳೆದು, ‘ಅಣ್ಣಾರ!’ ಎಂದು ಕೂಗುವುದು ರೂಢಿಯಾಯಿತು.

ಮನೋಹರನ ಕಣ್ಣು ಒಮ್ಮೆಲೇ ಹೋದದ್ದಲ್ಲ. ಹೈಸ್ಕೂಲಿನಲ್ಲಿದ್ದಾಗ ಎಲ್ಲರಿಗಿಂತ ಮೊದಲು ತನಗೇ ಕತ್ತಲಾಗುತ್ತದೆ ಅನ್ನಿಸತೊಡಗಿತು. ಕಾಲೇಜಿಗೆ ಬರುವಷ್ಟರಲ್ಲಿ ಎರಡೂ ಬದಿಯ ಲೋಕ ಮಸುಕಾಗಿ ನಡುವೆ ಮಾತ್ರ ಒಂದು ದುಂಡನೆಯ ಬೆಳಕು ಉಳಿದಿತ್ತು. ಕೊಳವೆಯೊಳಗಿಂದ ನೋಡಿದ ಹಾಗೆ. ಆ ದುಂಡು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತ ಹೋಗಿ, ಈಗ ಹಗಲೋ ರಾತ್ರಿಯೋ ಎಂಬುದಷ್ಟೇ ತಿಳಿಯುತ್ತಿತ್ತು. ಹಾವೇರಿಯ ಒಂದು ಬ್ಯಾಂಕಿನಲ್ಲಿ, ಬರೆದದ್ದನ್ನು ಓದಿ ಹೇಳುವ ಕಂಪ್ಯೂಟರಿನ ಮುಂದೆ ಕೂತು ಅವನು ಕೆಲಸ ಮಾಡುತ್ತಿದ್ದ. ದಿನಾ ರೈಲಿನಲ್ಲಿ ಹೋಗಿ ಬರುತ್ತಿದ್ದ. ಮೇಘಾ ಅಗಡಿಯವಳು. ರಾಣೆಬೆನ್ನೂರಿನ ಬೀಜದ ಕಂಪನಿಯೊಂದರ ಪ್ರಯೋಗಶಾಲೆಯಲ್ಲಿ, ಒದ್ದೆ ಕಾಗದದ ಮೇಲೆ ಸಾಲಾಗಿಟ್ಟ ಬೀಜಗಳು ಮೊಳಕೆಯೊಡೆಯುವುದನ್ನು ನೋಡುವುದು ಅವಳ ನೌಕರಿ. ಕಾಲೇಜಿನಲ್ಲಿದ್ದಾಗ ಗುಡ್ಡದ ಸೈಕಲ್ ಪಂದ್ಯಗಳಿಗೆ ಹೋದವಳು ಅವಳು. ಮದುವೆಯಾದ ಹೊಸತರಲ್ಲಿ ಒಂದು ದಿನ ಮನೋಹರ, ‘ಸಣ್ಣಾವಿದ್ದಾಗ ನಾನೂ ಗುಡ್ಡದ ಮ್ಯಾಲಿಂದ ಸೈಕಲ್ ಬಿಡ್ತಿದ್ನಿ. ಗಾಳಿ ಅಂಗಿಯೊಳಗ ಹೊಕ್ಕು ಬೆನ್ನ ಹಿಂದ ಚೀಲ ಉಬ್ಬಿದಂಗ ಆಗ್ತಿತ್ತು,’ ಎಂದಿದ್ದ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಅವಳು ಹುಡುಕಿ ಹುಡುಕಿ, ಧಾರವಾಡದ ಡಾಕ್ಟರ್ ದಂಪತಿ ಬಳಸಿ ಬಿಟ್ಟಿದ್ದ ಈ ಜೋಡಿ ಸೈಕಲ್ಲನ್ನು ತಂದಿದ್ದಳು.

ದಾರಿಯುದ್ದಕ್ಕೂ ಅವಳು ಮಾತಾಡುತ್ತಿದ್ದಳು. ‘ಎಡಕ್ಕ... ಕಲ್ಲದಾವು, ಹಗೂರ... ಈಗ ತುಳೀರಿ... ಈಗ ಬಿಡ್ರಿ.’ ನಡುನಡುವೆ ದಾರಿಗೆ ಸಂಬಂಧವಿಲ್ಲದ್ದನ್ನೂ ಹೇಳುತ್ತಿದ್ದಳು. ‘ಹತ್ತಿ ಹೊಲದಾಗ ಒಬ್ಬಾಕಿ ಹಳದಿ ಸೀರಿ ಉಟ್ಕೊಂಡು ನಿಂತಾಳ. ಕೆರ್‍ಯಾಗ ಮಂಜು ಕುಂತೈತಿ, ಎದ್ದಿಲ್ಲ ಇನ್ನೂ.’ ಅವನು ಅದನ್ನೆಲ್ಲ ಒಳಗೆ ಇಟ್ಟುಕೊಳ್ಳುತ್ತಿದ್ದ. ಭಾನುವಾರ ಕೇಳಿದ್ದು ವಾರದ ನಡುವೆ ಯಾವಾಗಲೋ ಕನಸಿನಲ್ಲಿ ಬಣ್ಣ ಸಮೇತ ಬರುತ್ತಿತ್ತು. ಕನಸಿನಲ್ಲಿ ಅವನ ಕಣ್ಣು ಇನ್ನೂ ಹೋಗಿರಲಿಲ್ಲ.

ಗಾಳೆವ್ವನ ಗುಡ್ಡ ಬ್ಯಾಡಗಿ ಕಡೆಗೆ ಹೋಗುವ ದಾರಿಯಲ್ಲಿದೆ. ದೊಡ್ಡದೇನಲ್ಲ; ಆದರೆ ಅದರ ಇಳಿಜಾರು ಉದ್ದ. ಸುತ್ತಿ ಸುತ್ತಿ ಇಳಿಯುವ ಮಣ್ಣಿನ ದಾರಿ. ಆ ಡಿಸೆಂಬರಿನ ಬೆಳಿಗ್ಗೆ ಅವರು ಮೇಲಿನಿಂದ ಹೊರಟಾಗ ಎಲ್ಲವೂ ಎಂದಿನಂತೆಯೇ ಇತ್ತು. ಎರಡೂ ಗಾಲಿಯ ಬ್ರೇಕು ಮೇಘಾಳ ಎರಡು ಬೆರಳುಗಳ ಕೆಳಗಿತ್ತು. ಇಬ್ಬರ ಭಾರ, ಬಿಡದೆ ಸಾಗುವ ಇಳಿಜಾರು. ಅವಳು ಹಿಡಿಯುತ್ತ ಹಿಡಿಯುತ್ತಲೇ ಇಳಿಯುತ್ತಿದ್ದಳು. ಅರ್ಧ ದಾರಿಗೆ ಬಂದಾಗ ಬ್ರೇಕಿನ ಹಿಡಿಕೆ ಮೆತ್ತಗಾಯಿತು. ಇನ್ನೊಂದು ತಿರುವು ದಾಟುವಷ್ಟರಲ್ಲಿ ಒತ್ತಿದರೆ ಹ್ಯಾಂಡಲ್ಲಿಗೇ ಬಂದು ತಾಗಿತು. ಗಾಲಿ ಕೇಳಿಸಿಕೊಳ್ಳಲೇ ಇಲ್ಲ.

‘ಏನ್ರೀ, ಬ್ರೇಕ್ ಹಿಡೀವಲ್ದು!’

ಮನೋಹರ ತನ್ನ ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿದ. ಆ ಹ್ಯಾಂಡಲ್ಲು ಯಾವ ಕಡೆಗೂ ತಿರುಗುತ್ತಿರಲಿಲ್ಲ, ಏನನ್ನೂ ನಿಲ್ಲಿಸುತ್ತಿರಲಿಲ್ಲ. ಗಾಳಿ ಜೋರಾಯಿತು. ಅವಳ ಮಾತು ನಿಂತಿತು. ಆಮೇಲೆ ಬರೀ ಕಲ್ಲು ಸಿಡಿಯುವ ಸಪ್ಪಳ.

ಗುಡ್ಡದ ಬುಡದ ಹೊಲದಲ್ಲಿ ಜೋಳದ ಒಣದಂಟಿನ, ಕಣಿಕೆಯ ಬಣವಿ ಒಟ್ಟಿದ್ದರು. ಮೇಘಾ ಬೇರೇನೂ ತೋಚದೆ ಸೈಕಲ್ಲನ್ನು ಅದಕ್ಕೇ ಹಾಯಿಸಿದಳು. ಒಣ ಕಣಿಕೆ ಮುರಿಯುವ ಸದ್ದು, ಮೂಗಿನ ತುಂಬ ಜೋಳದ ಧೂಳು, ಆಮೇಲೆ ಸದ್ದೇ ಇಲ್ಲ. ಹೊಲದ ಯಜಮಾನ ಅಂದಾನೆಪ್ಪ ಟವೆಲ್ಲು ಕೊಡವುತ್ತ ಓಡಿ ಬಂದ.

‘ಯಾರ್ರಿ ಅದು, ನನ್ನ ಬಣವ್ಯಾಗ?’

ಮೊದಲು ಮೇಘಾಳ ತಲೆ ಹೊರಗೆ ಬಂತು, ಆಮೇಲೆ ಮನೋಹರನ ಕೈ. ಇಬ್ಬರಿಗೂ ತರಚು ಗಾಯ ಬಿಟ್ಟರೆ ಏನೂ ಆಗಿರಲಿಲ್ಲ. ಅಂದಾನೆಪ್ಪ ಬೈಯಬೇಕೆಂದು ಬಂದವನು, ಬೈಯುವುದನ್ನು ಮರೆತು ತಂಬಿಗೆಯಲ್ಲಿ ಮಜ್ಜಿಗೆ ಕೊಟ್ಟ. ಮಜ್ಜಿಗೆ ಕುಡಿದು ಎದ್ದು ಮೇಘಾ ಬ್ರೇಕು ಒತ್ತಿ ನೋಡಿದರೆ ಅದು ಮೊದಲಿನ ಹಾಗೇ ಗಟ್ಟಿಯಾಗಿತ್ತು. ಏನೂ ಆಗಿಯೇ ಇಲ್ಲವೆಂಬಂತೆ.

ಮುಂದಿನ ಭಾನುವಾರ ಮನೋಹರ ತಲೆನೋವು ಎಂದ. ಅದರ ಮುಂದಿನ ಭಾನುವಾರ ನೆಗಡಿ. ಆಮೇಲೆ ಕಾರಣ ಹೇಳುವುದನ್ನೂ ಬಿಟ್ಟ. ಜೋಡಿ ಸೈಕಲ್ಲು ಅಂಗಳದಲ್ಲಿ ಗೋಡೆಗೆ ಒರಗಿ ನಿಂತಿತು. ಮನೋಹರನ ತಾಯಿ ಬಸವಣ್ಣೆವ್ವ ಅದರ ಮುಂದಿನ ಹ್ಯಾಂಡಲ್ಲಿಗೆ ಒದ್ದೆ ಟವೆಲ್ಲು ಹಾಕತೊಡಗಿದಳು. ‘ಆಗಿದ್ದು ಛಲೋನ ಆತವ್ವಾ. ದೇವ್ರು ಬಣವಿ ಇಟ್ಟಿದ್ದ, ಬದುಕಿದ್ರಿ. ಇನ್ನ ಮನ್ಯಾಗ ಕುಂದ್ರರಿ,’ ಎಂದಳು.

ಮೇಘಾ ಒಂದು ಸಂಜೆ ಅವನನ್ನು ಕರೆದುಕೊಂಡು ಬರಲು ಸ್ಟೇಷನ್ನಿಗೆ ಹೋದಳು. ಹಾವೇರಿಯಿಂದ ಬಂದ ಗಾಡಿ ಜನರನ್ನು ಇಳಿಸಿ ಹೋಯಿತು. ಪ್ಲಾಟ್‌ಫಾರ್ಮಿನ ಮೇಲೆ ಬಿಸಿಲು ಇನ್ನೂ ಇತ್ತು. ಬೆಲ್ಲದ ಪಾಕದ ಬಣ್ಣದ, ಯಾವ ಅವಸರವೂ ಇಲ್ಲದ ಬಿಸಿಲು. ಇಬ್ಬರೂ ಕಲ್ಲಿನ ಬೆಂಚಿನ ಮೇಲೆ ಕೂತರು.

‘ಬೀಳಾಕ ಅಂಜ್ತೀರೇನು?’ ಎಂದು ಅವಳು ಕೇಳಿದಳು.

‘ಬೀಳಾಕ ಯಾಕ ಅಂಜಲಿ? ದಿನಾ ಬೀಳಾವ ನಾನು. ಬಸ್ ಸ್ಟ್ಯಾಂಡಿನ್ಯಾಗ, ಬ್ಯಾಂಕಿನ ಮೆಟ್ಲ ಮ್ಯಾಲ.’ ಅವನು ಬಿಸಿಲು ಬೀಳುತ್ತಿದ್ದ ಕಡೆಗೆ ಮುಖ ಮಾಡಿದ. ‘ಆವತ್ತ ನೀ ಬ್ರೇಕ್ ಹಿಡೀವಲ್ದು ಅಂದಿ ನೋಡು, ಆವಾಗ ನನ್ನ ಕೈಯಾಗ ಏನೂ ಇರಲಿಲ್ಲ ಮೇಘಾ. ನೀ ಒಬ್ಬಾಕೀನ ಹ್ಯಾಂಡಲ್ ತಿರುವಿದಿ, ಒಬ್ಬಾಕೀನ ಬಣವಿ ನೋಡಿದಿ. ನಾ ಹಿಂದ ಒಂದು ಮೆಣಸಿನಕಾಯಿ ಚೀಲ ಕುಂತಂಗ ಕುಂತಿದ್ನಿ. ನಿನ್ನ ಮ್ಯಾಲ ಭಾರ ಆಗಿ.’

ಮೇಘಾ ಸುಳ್ಳು ಸಮಾಧಾನ ಹೇಳಿದರೆ ಅವಳ ದನಿಯಲ್ಲೇ ಅವನಿಗೆ ಗೊತ್ತಾಗುತ್ತಿತ್ತು. ಅವನ ಬೆರಳುಗಳೊಳಗೆ ತನ್ನ ಬೆರಳು ಸೇರಿಸಿ ಬಿಸಿಲು ಮುಗಿಯುವವರೆಗೆ ಕೂತಳು.

ಮಾಂತೇಶನ ಸೈಕಲ್ ಅಂಗಡಿ ಸ್ಟೇಷನ್ನಿನ ಹತ್ತಿರವೇ. ಪಂದ್ಯದ ದಿನಗಳಿಂದಲೂ ಅವನು ಮೇಘಾಳಿಗೆ ಪರಿಚಯ. ಅವಳಿಗಿಂತ ಎರಡು ವರ್ಷ ಚಿಕ್ಕವನು. ಮರುದಿನ ಅವಳು ಸೈಕಲ್ಲು ನೂಕಿಕೊಂಡು ಹೋಗಿ ನಡೆದದ್ದನ್ನೆಲ್ಲ ಹೇಳಿದಳು.

‘ಎಣ್ಣಿ ಕುದ್ದೇತಿ ಅಕ್ಕಾರ,’ ಎಂದ ಮಾಂತೇಶ. ‘ಇದ್ರಾಗ ವೈಯರ್ ಇಲ್ಲ ನೋಡ್ರಿ. ಪೈಪಿನ ತುಂಬ ಎಣ್ಣಿ. ನೀವು ಇಲ್ಲಿ ಒತ್ತಿದ್ರ ಎಣ್ಣಿ ಅಲ್ಲಿ ಹೋಗಿ ಒತ್ತತೈತಿ, ಗಾಲಿ ನಡುವಿನ ಉಕ್ಕಿನ ತಟ್ಟೀನ ಎರಡೂ ಕಡೆಯಿಂದ ಪ್ಯಾಡು ಹಿಡಕೊಳ್ತಾವು. ಇಬ್ಬರ ಭಾರ, ಉದ್ದನ್ನ ಇಳಿಜಾರು, ಹಿಡದಿದ್ದ ಕೈ ಬಿಟ್ಟಿಲ್ಲ ನೀವು. ಕಾದು ಕಾದು ಎಣ್ಣಿ ಕುದ್ದು ಗುಳ್ಳಿ ಆಗೇತಿ. ಗುಳ್ಳಿ ಒತ್ತಿದ್ರ ಗುಳ್ಳೀನ ಸಣ್ಣಾಗತೈತಿ, ಗಾಲಿ ನಿಲ್ಲಂಗಿಲ್ಲ. ಆರಿದ ಮ್ಯಾಲ ಮತ್ತ ಎಣ್ಣಿ ಆಗೇತಿ.’

ಅವನು ಕಪಾಟಿನಿಂದ ಎರಡು ಪೆಟ್ಟಿಗೆ ತೆಗೆದ. ಎರಡು ಬೇರೆ ಬೇರೆ ಕಂಪನಿಯ ಬ್ರೇಕುಗಳು. ಕಡಿದಾದ ಗುಡ್ಡಗಳಿಂದ ಪಂದ್ಯದಲ್ಲಿ ಇಳಿಯುವವರು ಹಾಕಿಸಿಕೊಳ್ಳುವಂಥವು. ಒಂದೊಂದರಲ್ಲೂ ಪ್ಯಾಡುಗಳನ್ನು ನಾಲ್ಕು ಗುಂಡಿಗಳು ತಟ್ಟೆಗೆ ಒತ್ತಿ ಹಿಡಿಯುತ್ತವೆ, ಹಳೆಯದರಲ್ಲಿ ಎರಡೇ. ತಟ್ಟೆಗಳೂ ದೊಡ್ಡವು, ಬೇಗ ಕಾಯುವುದಿಲ್ಲ.

‘ಎರಡೂ ಭಾರೀ ಮಾಲು. ಎರಡೂ ಹಾಕಿ ನೋಡ್ರಿ. ಕೈಗೆ ಯಾವುದು ಒಗ್ಗತೈತಿ ಅದನ್ನ ಇಟ್ಕೋರಿ,’ ಎಂದ ಮಾಂತೇಶ.

‘ಹಂಗಾರ ನಿಮ್ಮ ಅಣ್ಣಾರ್ನ ಕರಕೊಂಡ ಬರ್ತೇನಿ. ಹಿಡಕೊಳ್ಳಾಕ ಇನ್ನೊಂದು ಕೈ ಬೇಕಾಗತೈತಿ.’

ಅದು ನೆಪ. ಹಿಡಿದುಕೊಳ್ಳಲು ಮಾಂತೇಶನ ಕೈಯೇ ಸಾಕಿತ್ತು. ಆದರೆ ಕೈ ಬೇಕು ಎಂದರೆ ಮನೋಹರ ಇಲ್ಲ ಎನ್ನುವವನಲ್ಲ.

ಶನಿವಾರ ಮಧ್ಯಾಹ್ನ ಮೂವರೂ ಅಂಗಡಿಯ ಹಿಂದಿನ ಬೇವಿನ ಮರದ ಕೆಳಗೆ ಕೂತರು. ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿ ನಿಲ್ಲಿಸಿದ್ದರು. ಮನೋಹರ ಎರಡೂ ಪೆಟ್ಟಿಗೆ ತೆರೆದು ಹಿಡಿಕೆಗಳನ್ನು ಕೈಯಲ್ಲಿ ಆಡಿಸಿದ. ಒಂದು ತಂಪಗೆ, ನದಿಯ ಕಲ್ಲಿನಷ್ಟು ನುಣುಪಾಗಿತ್ತು. ಇನ್ನೊಂದರ ಮೇಲೆ ಬೆರಳು ಜಾರದಿರಲೆಂದು ಸಣ್ಣ ಸಣ್ಣ ಚುಕ್ಕಿ ಕೊರೆದಿದ್ದರು. ಅಂದಿನಿಂದ ಮೂವರ ಬಾಯಲ್ಲೂ ಅವು ‘ನುಣುಪಿಂದು’, ‘ಚುಕ್ಕೀದು’ ಆದವು.

ಮೊದಲು ನುಣುಪಿನದನ್ನು ಹಾಕುವುದೆಂದು ಆಯಿತು. ಮುಂದಿನ ಗಾಲಿಯ ಕೆಲಸ ಸಲೀಸಾಗಿ ಮುಗಿಯಿತು. ಹಿಂದಿನ ಗಾಲಿಗೆ ಬಂದಾಗ ತೊಡಕಾಯಿತು. ಮಾಂತೇಶ ಗಾಲಿಯ ಹತ್ತಿರ ಬ್ರೇಕು ಕೂರಿಸಿ, ಪೈಪನ್ನು ಸೈಕಲ್ಲಿನ ಮೈಗುಂಟ ಮುಂದಕ್ಕೆ ಎಳೆದುಕೊಂಡು ಹೋದರೆ ಅದು ನಡುವೆಯೇ ಮುಗಿದುಹೋಯಿತು. ಒಬ್ಬರು ಕೂರುವ ಸೈಕಲ್ಲಿನ ಅಳತೆಗೆ ಮಾಡಿದ ಪೈಪು. ಮೇಘಾಳ ಹ್ಯಾಂಡಲ್ಲಿಗೆ ಮುಟ್ಟಬೇಕಾದರೆ ಇನ್ನೂ ಅಷ್ಟೇ ಉದ್ದ ಬೇಕಿತ್ತು.

‘ಚುಕ್ಕೀದ್ರದೂ ಇಷ್ಟ ಉದ್ದ. ಉದ್ದಂದು ಪುಣೆದಿಂದ ತರಸ್ಬೇಕಾಗತೈತಿ,’ ಎಂದು ಮಾಂತೇಶ ಕೈ ಒರೆಸಿಕೊಂಡ.

ಮನೋಹರ ಎದ್ದು ಬಂದು ಹಿಂದಿನ ಗಾಲಿಯನ್ನು ಹುಡುಕಿ ಮುಟ್ಟಿದ. ಅಲ್ಲಿಂದ ಪೈಪಿನ ಮೇಲೆ ಬೆರಳು ಓಡಿಸುತ್ತ ಬಂದ. ಬೆರಳು ಮೇಲೇರಿ, ಸೀಟಿನ ಕೆಳಗೆ ಹಾದು, ಅವನದೇ ಹ್ಯಾಂಡಲ್ಲಿನ ಬುಡಕ್ಕೆ ಬಂದು ನಿಂತಿತು. ಪೈಪಿನ ತುದಿ ಅಲ್ಲಿತ್ತು. ಅವನು ತುದಿಯನ್ನು ಹಿಡಿದುಕೊಂಡು ನಿಂತ.

ಮೇಘಾ ಅದನ್ನು ನೋಡಿದಳು. ಬೇವಿನ ಎಲೆಯ ನೆರಳು ಅವನ ಕೈಯ ಮೇಲೆ ಅಲುಗುತ್ತಿತ್ತು.

‘ಮಾಂತೇಶ, ಅಲ್ಲೇ ಹಾಕು,’ ಎಂದಳು.

‘ಎಲ್ಲಿ?’

‘ಅವರ ಹ್ಯಾಂಡಲ್ಲಿಗೆ. ಹಿಂದಿಂದು ಅವರ ಹಿಡೀತಾರ.’

‘ಅಕ್ಕಾರ, ಅಣ್ಣಾರಿಗೆ...’ ಎಂದು ಶುರು ಮಾಡಿ ಮಾಂತೇಶ ಮಾತು ನುಂಗಿದ.

‘ಕಾಣೂದಿಲ್ಲ ಅಂತೀಯೇನು? ಬ್ರೇಕು ಕಣ್ಣಿಲೆ ಹಿಡೀತಾರೇನೋ?’

ಮಾಂತೇಶ ನಕ್ಕ. ಮನೋಹರ ನಗಲಿಲ್ಲ. ‘ಮೇಘಾ, ನಾ ತಪ್ಪ ಹೊತ್ತಿನ್ಯಾಗ ಹಿಡದ್ರ?’

‘ನಾನೂ ಭಾಳ ಸಲ ತಪ್ಪ ಹೊತ್ತಿನ್ಯಾಗ ಹಿಡದೇನಿ. ನಿಮಗ ಗೊತ್ತಾಗಿಲ್ಲ ಅಷ್ಟ. ನಾ ಹೇಳ್ತಾ ಹೋಗ್ತೇನಿ, ನೀವು ಹಿಡೀತಾ ಬರ್ರಿ.’

ಪೈಪಿನ ತುದಿಗೆ ಹಿತ್ತಾಳೆಯ ಸಣ್ಣ ಉಂಗುರ ಕೂರಿಸಿ, ಹಿಡಿಕೆಗೆ ಬಿಗಿದಾಯಿತು. ಇನ್ನು ಪೈಪಿನೊಳಗಿನ ಗಾಳಿ ಹೊರಗೆ ಹೋಗಿ ಎಣ್ಣೆ ತುಂಬಬೇಕು. ಅದೇ ತಾಳ್ಮೆಯ ಕೆಲಸ. ಒಂದು ಹನಿ ತಾಗಿದರೂ ಕೆಡುವ ಪ್ಯಾಡುಗಳನ್ನು ಮಾಂತೇಶ ಮೊದಲೇ ತೆಗೆದು ಕಾಗದದಲ್ಲಿ ಸುತ್ತಿ ದೂರ ಇಟ್ಟ. ಅವುಗಳ ಜಾಗದಲ್ಲಿ ಒಂದು ಪ್ಲಾಸ್ಟಿಕ್ ತುಂಡು ತುರುಕಿದ. ಮೇಲೆ ಹಿಡಿಕೆಯ ಬಾಯಿಗೆ ಸಣ್ಣ ಲಾಳಿಕೆ ಕೂರಿಸಿದ. ಕೆಳಗೆ ಗಾಲಿಯ ಹತ್ತಿರ ಸಿರಿಂಜು ಹಚ್ಚಿ ಎಣ್ಣೆಯನ್ನು ನಿಧಾನ ಮೇಲಕ್ಕೆ ಒತ್ತತೊಡಗಿದ. ದಾಸವಾಳ ನೆನೆಸಿಟ್ಟ ನೀರಿನಂಥ ತಿಳಿಗೆಂಪು ಎಣ್ಣೆ.

‘ಬಂತ್ರಿ, ಲಾಳಿಕ್ಯಾಗ ಬಂತು,’ ಎಂದಳು ಮೇಘಾ. ‘ಗುಳ್ಳಿ ಬರಾಕತ್ತಾವು. ದೊಡ್ಡು ಮೊದಲು ಬರ್ತಾವು. ಈಗ ಸಣ್ಣು. ಸಾಸಿವಿ ಕಾಳಿನಂಥಾವು.’

‘ಅಣ್ಣಾರ, ಪೈಪಿಗೆ ಹಗೂರ ಬಡೀರಿ. ಒಳಗ ಅಂಟಿಕೊಂಡಿದ್ದಾವು ಬಿಡ್ತಾವು.’

ಮನೋಹರ ಸ್ಕ್ರೂಡ್ರೈವರಿನ ಹಿಡಿಯಿಂದ ಪೈಪನ್ನು ಕೆಳಗಿನಿಂದ ಮೇಲಕ್ಕೆ ಬಡಿಯುತ್ತ ಬಂದ. ನಿದ್ದೆ ಹೋದ ಮಗುವಿನ ಬೆನ್ನು ತಟ್ಟುವಷ್ಟೇ ಜೋರಾಗಿ. ಆಮೇಲೆ ಹಿಡಿಕೆಯನ್ನು ಒತ್ತಿ ಬಿಡಲು ಹೇಳಿದರು. ಮೊದಲ ಸಲ ಒತ್ತಿದಾಗ ಬೆರಳ ಕೆಳಗೆ ಏನೂ ಇರಲಿಲ್ಲ, ಒದ್ದೆ ಅರಳೆ ಹಿಚುಕಿದ ಹಾಗಿತ್ತು. ಒತ್ತಿದ, ಬಿಟ್ಟ. ರೈಲೊಂದು ನಿಲ್ಲದೆ ಹೋಯಿತು. ಒತ್ತಿದ, ಬಿಟ್ಟ. ಅರಳೆಯ ಆಳದಲ್ಲಿ ಎಲ್ಲೋ ಒಂದು ಗಟ್ಟಿತನ ಹುಟ್ಟಿತು. ಪ್ರತಿ ಸಲವೂ ಅದು ಅವನ ಬೆರಳಿನ ಕಡೆಗೆ ಸ್ವಲ್ಪ ಸ್ವಲ್ಪ ಬರತೊಡಗಿತು, ಕತ್ತಲ ಕೋಣೆಯಲ್ಲಿ ಯಾರೋ ಪರಿಚಯದವರು ಹತ್ತಿರ ಬರುವ ಹಾಗೆ. ಕಡೆಗೆ ಅದು ಬಂದು ಅವನ ಬೆರಳಿಗೆ ತನ್ನ ಬೆರಳು ತಾಗಿಸಿ ನಿಂತಿತು.

‘ಬಂತು,’ ಎಂದ ಮನೋಹರ.

‘ಗುಳ್ಳಿ ನಿಂತಾವು,’ ಎಂದಳು ಮೇಘಾ, ಅದೇ ಕ್ಷಣಕ್ಕೆ.

ಹೊಸ ಬ್ರೇಕು ಹಾಕಿದ ಕೂಡಲೇ ಹಿಡಿಯುವುದಿಲ್ಲ. ಪ್ಯಾಡೂ ತಟ್ಟೆಯೂ ಒಂದಕ್ಕೊಂದು ಪಳಗಬೇಕು. ಮರುದಿನ ಬೆಳಿಗ್ಗೆ ಬೀಜದ ಗೋದಾಮುಗಳ ಹಿಂದಿನ ಖಾಲಿ ರಸ್ತೆಯಲ್ಲಿ ಅವರು ಜೋರಾಗಿ ಹೋಗುವುದು, ಪೂರ್ತಿ ನಿಲ್ಲದಂತೆ ಹಿಡಿಯುವುದು, ಮತ್ತೆ ಜೋರಾಗಿ ಹೋಗುವುದು, ಹೀಗೇ ಮಾಡಿದರು. ಮೊದಲು ಗಾಲಿ ನರಳಿತು. ಬಿಸಿಲು ಏರುವಷ್ಟರಲ್ಲಿ ನರಳುವುದು ನಿಂತು ಒಂದು ಸಣ್ಣ ಗುಂಯ್‌ಗುಡುವಿಕೆ ಉಳಿಯಿತು. ಆಮೇಲೆ ಕುಪ್ಪೇಲೂರು ದಾರಿಯ ಇಳಿಜಾರಿಗೆ ಹೋಗಿ ಇಳಿದು ನೋಡಿದರು.

ಮೇಘಾಳಿಗೆ ನುಣುಪಿನದು ಬಹಳ ಹಿಡಿಸಿತು. ಬೆರಳು ಇಟ್ಟರೆ ಸಾಕು, ಕಚ್ಚಿ ಹಿಡಿಯುತ್ತಿತ್ತು. ‘ಹಿಂಗಿರಬೇಕ ನೋಡ್ರಿ ಬ್ರೇಕು!’ ಎಂದಳು. ಹಿಂದೆ ಮನೋಹರ ಪರದಾಡುತ್ತಿದ್ದ. ಅವನು ಸ್ವಲ್ಪ ಒತ್ತಿದರೆ ಹಿಂದಿನ ಗಾಲಿ ಪೂರಾ ನಿಂತು ಮಣ್ಣಿನಲ್ಲಿ ಜಾರುತ್ತಿತ್ತು. ಪ್ರತಿ ಸಲ ಜಾರಿದಾಗಲೂ ಅವಳ ಬೆನ್ನು ಬಿಗಿಯುವುದು ಅವನಿಗೆ ತಿಳಿಯುತ್ತಿತ್ತು.

‘ಇದು ನಾ ಕೇಳೂದ್ರಾಗ ಉತ್ತರಾ ಕೊಡ್ತೈತಿ,’ ಎಂದ ಬೇಸರದಿಂದ. ‘ನಾ ಏನ ಕೇಳಬೇಕಂತ ಮಾಡೇನಿ ಅನ್ನೂದನ್ನರ ಕೇಳಸ್ಕೋಬೇಕಿಲ್ಲೋ?’

ಮುಂದಿನ ವಾರ ಚುಕ್ಕಿಯದನ್ನು ಹಾಕಿದರು. ಅದರ ಎಣ್ಣೆ ಬೇರೆ ಜಾತಿಯದು. ಸೈಕಲ್ಲಿನ ಬಣ್ಣವನ್ನೂ ತಿನ್ನುವಂಥದ್ದು. ಮಾಂತೇಶ ಎಲ್ಲರ ಕೈಗೂ ರಬ್ಬರಿನ ಗವಸು ತೊಡಿಸಿದ. ಅದಕ್ಕೆ ಲಾಳಿಕೆ ಇಲ್ಲ. ಮೇಲೊಂದು ಕೆಳಗೊಂದು ಸಿರಿಂಜು ಹಚ್ಚಿ, ಮೇಲಿನದರಿಂದ ಗಾಳಿಯನ್ನು ಹೀರಿ ತೆಗೆಯಬೇಕು. ಅದೂ ಆಯಿತು. ಅದನ್ನೂ ಗೋದಾಮಿನ ರಸ್ತೆಯಲ್ಲಿ ಪಳಗಿಸಿ, ಅದೇ ಕುಪ್ಪೇಲೂರು ಇಳಿಜಾರಿನಲ್ಲಿ ಬಿಟ್ಟರು. ಈ ಸಲ ಹಿಂದಿನ ಗಾಲಿ ಜಾರಲಿಲ್ಲ. ಇಳಿಜಾರು ಮುಗಿದು ಸಮದಾರಿಗೆ ಬಂದ ಮೇಲೆ ಮೇಘಾ ಕೇಳಿದಳು, ‘ಹೆಂಗೈತ್ರೀ?’

‘ಬಾವಿಗೆ ಕೊಡ ಬಿಟ್ಟಂಗ ಐತಿ. ಎಷ್ಟು ಹಗ್ಗ ಬಿಡ್ತಿ ಅಷ್ಟ ಇಳೀತೈತಿ. ಹಿಡದ್ರ ಹಿಡದಷ್ಟ. ಗಾಲಿ ಇನ್ನೇನು ಜಾರಬೇಕು ಅನ್ನೂದು ಬೆರಳಿಗೆ ಮೊದಲ ಗೊತ್ತಾಗ್ತೈತಿ.’ ಅವನ ದನಿಯಲ್ಲಿ ಬಹಳ ದಿನದಿಂದ ಇಲ್ಲದಿದ್ದ ಹುರುಪು ಇತ್ತು.

‘ನನಗ ಇದು ಹಿಡಿಸಲಿಲ್ಲ. ಜೀವಾ ಬಾಯಿಗೆ ಬರ್ತೈತಿ ಹಿಡಿಯೂತನಾ.’

ಅಂಗಡಿಗೆ ಬರುವವರೆಗೂ ಇಬ್ಬರೂ ಜಗಳವಾಡಿದರು. ಸಿಹಿಯಾದ ಜಗಳ, ಊರೊಳಗೆ ಬಂದಾಗ ಆಟೋದವರು ತಿರುಗಿ ನೋಡುವಷ್ಟು ಜೋರಾಗಿಯೇ ಇತ್ತು. ಕಡೆಗೆ ಮನೋಹರನೇ, ‘ಮುಂದಕ ನಿಂದು ಹಾಕ್ಕೋ, ಹಿಂದ ನಂದು ಇರಲಿ,’ ಎಂದ.

ಮಾಂತೇಶ ತಲೆ ಮೇಲೆ ಕೈ ಇಟ್ಟುಕೊಂಡ. ‘ಒಂದ ಗಾಡಿಗೆ ಎರಡು ಕಂಪನಿದು ಯಾರರ ಹಾಕ್ತಾರೇನ್ರಿ ಅಣ್ಣಾರ? ಎಣ್ಣಿ ಸೈತ ಬ್ಯಾರೆ ಬ್ಯಾರೆ.’

‘ನಾವಿಬ್ಬರೂ ಎರಡು ಕಂಪನಿದ ಅದೇವಲ್ಲೋ ಮಾಂತೇಶ. ಒಂದ ಗಾಡ್ಯಾಗ ಹೊಂಟಿಲ್ಲೇನು?’

ಹಾಗೆ ಮುಂದೆ ನುಣುಪಿನದು, ಹಿಂದೆ ಚುಕ್ಕಿಯದು ಉಳಿಯಿತು.

ಫೆಬ್ರುವರಿ ಬರುವಷ್ಟರಲ್ಲಿ ಗಾಳೆವ್ವನ ಗುಡ್ಡದ ಕೆಳಗಿನ ಬಯಲೆಲ್ಲ ಕೆಂಪಾಗಿತ್ತು. ಬ್ಯಾಡಗಿ ಪೇಟೆಗೆ ಹೋಗುವ ಮೊದಲು ಮೆಣಸಿನಕಾಯಿಯನ್ನು ಅಲ್ಲಿ ಒಣಗಲು ಹರವುತ್ತಾರೆ. ಆ ಭಾನುವಾರ ಹೊರಡುವಾಗ ಬಸವಣ್ಣೆವ್ವ ಬಾಗಿಲಲ್ಲಿ ನಿಂತು, ‘ಮತ್ತ ಆ ಗುಡ್ಡಕ್ಕ?’ ಎಂದಳು. ‘ಹೂಂನವ್ವಾ,’ ಎಂದ ಮಗ. ಅವಳು ಒಳಗೆ ಹೋಗಿ ರೊಟ್ಟಿ ಬುತ್ತಿ ಕಟ್ಟಿ ತಂದು ಅವನ ಬೆನ್ನಚೀಲಕ್ಕೆ ಹಾಕಿದಳು.

ಗುಡ್ಡ ಹತ್ತಿ ಮೇಲೆ ನಿಂತಾಗ ಬಿಸಿಲು ಹಣ್ಣಾಗಿತ್ತು. ಗಾಳಿ ಕೆಳಗೆಲ್ಲೋ ಮಲಗಿತ್ತು. ಮನೋಹರ ಕೇಳಿದ, ‘ಮೆಣಸಿನಕಾಯಿ ಹರವ್ಯಾರೇನು?’

‘ಹರವ್ಯಾರ. ಬ್ಯಾಡಗಿ ತನಕ ಕೆಂಪ ಐತಿ.’

‘ಎಂಥಾ ಕೆಂಪು?’

ಮೇಘಾ ಬಹಳ ಹೊತ್ತು ನೋಡಿದಳು. ‘ಹತ್ರ ಇದ್ದದ್ದು ಕುಂಕುಮದಂಗ. ಆಚೀಕಡೆ ಮಣ್ಣಿನ ಬಣ್ಣಾ ಕೂಡೇತಿ. ಭಾಳ ದೂರದ್ದು ಕೆಂಪ ಅಲ್ಲ, ಕೆಂಪಿನ ಹೊಗಿ ಇದ್ದಂಗ ಐತಿ. ಆಕಾಶದ ಬುಡಾನೂ ಸ್ವಲ್ಪ ಕೆಂಪಾಗೇತಿ.’

ಅವನು ಕಣ್ಣು ಮುಚ್ಚಿಕೊಂಡು ಅದನ್ನು ಎಲ್ಲೋ ಒಳಗೆ ಹರವಿಕೊಂಡ. ‘ಹೊಂಡೂನು,’ ಎಂದ.

ಇಳಿಯತೊಡಗಿದರು. ಮೊದಲ ತಿರುವಿನಲ್ಲಿ ಮನೋಹರ ಹಿಡಿದದ್ದು ತಡವಾಯಿತು, ಎರಡನೆಯದರಲ್ಲಿ ಬೇಗನಾಯಿತು. ಆಮೇಲೆ ಅವಳ ಮಾತಿಗೂ ಅವನ ಬೆರಳಿಗೂ ನಡುವಿನ ದೂರ ಕರಗುತ್ತ ಬಂತು. ‘ಬಲಕ್ಕ...’ ಎಂದು ಅವಳು ಬಾಯಿ ತೆರೆಯುವಾಗಲೇ ಅವಳ ಹೆಗಲು ಬಾಗುವುದು ಸೈಕಲ್ಲಿನ ಮೈಯಿಂದ ಅವನಿಗೆ ಬಂದು ಮುಟ್ಟುತ್ತಿತ್ತು. ಅವನು ಹಿಡಿಯುತ್ತಿದ್ದ, ಬಿಡುತ್ತಿದ್ದ. ಕಾದ ಬ್ರೇಕಿಗೆ ಉಸಿರಾಡಲು ಬಿಡಬೇಕು ಎಂದು ಮಾಂತೇಶ ಹೇಳಿದ್ದ. ಗಾಳಿ ಅಂಗಿಯೊಳಗೆ ಹೊಕ್ಕು ಬೆನ್ನ ಹಿಂದೆ ಉಬ್ಬಿತು. ಎಚ್ಚರವಾಗಿದ್ದುಕೊಂಡೇ ಕನಸಿನಲ್ಲಿ ಇಳಿಯುತ್ತಿರುವಂತೆ ಅವನಿಗೆ ಅನ್ನಿಸಿತು; ದಾರಿಯೇ ಅವನ ಬೆರಳಿನಿಂದ ಸ್ವಲ್ಪ ಸ್ವಲ್ಪವಾಗಿ ಬಿಚ್ಚಿಕೊಳ್ಳುತ್ತಿದೆ ಎನ್ನುವಂತೆ.

ಅಷ್ಟರಲ್ಲಿ ಕೆಳಗೆ ಮಲಗಿದ್ದ ಗಾಳಿ ಎದ್ದಿತು. ಬಯಲಿನಲ್ಲಿ ಹೆಂಗಸರು ಮೆಣಸಿನಕಾಯಿ ತಿರುವಿ ಹಾಕುತ್ತಿದ್ದರು. ಅದರ ಘಾಟನ್ನೆಲ್ಲ ಗಾಳಿ ಎತ್ತಿಕೊಂಡು ಇಳಿಜಾರಿಗೆ ಎದುರಾಗಿ ಮೇಲೇರಿ ಬಂತು. ಮೇಘಾಳ ಕಣ್ಣಿಗೆ ಬೆಂಕಿ ಬಿದ್ದಂತಾಯಿತು. ರೆಪ್ಪೆ ತೆರೆಯಲು ಆಗಲಿಲ್ಲ. ತೆರೆದರೂ ನೀರಿನೊಳಗೆ ಬಿಸಿಲು ಒಡೆದು ಹರಡಿದ್ದು ಬಿಟ್ಟು ಏನೂ ಕಾಣಲಿಲ್ಲ. ಬಲಕ್ಕೆ ತಿರುವು ಮುಂದೆಲ್ಲೋ ಇದೆ ಎಂಬುದಷ್ಟೇ ನೆನಪು.

‘ಏನ್ರೀ, ನನಗ ಕಾಣವಲ್ದು!’ ಎಂದು ಕೂಗಿದಳು. ಮುಂದಿನ ಮಾತು ಕೆಮ್ಮಿನಲ್ಲಿ ಹೋಯಿತು.

ಮನೋಹರನ ಗಂಟಲಿಗೂ ಘಾಟು ಹತ್ತಿತ್ತು. ಕಣ್ಣೂ ಉರಿಯುತ್ತಿತ್ತು. ಆದರೆ ಕಣ್ಣು ಮುಚ್ಚಿದರೆ ಅವನಿಗೆ ಹೊಸದಾಗಿ ಕಳೆದುಕೊಳ್ಳುವುದೇನೂ ಇರಲಿಲ್ಲ.

‘ಹ್ಯಾಂಡಲ್ ಸೀದಾ ಹಿಡಿ,’ ಎಂದ. ‘ಕೈ ಅಲುಗಾಡಸಬ್ಯಾಡ. ಮುಂದಿನ ಬ್ರೇಕ್ ಮುಟ್ಟಬ್ಯಾಡ, ಮುಗ್ಗರಿಸ್ತೇವಿ. ನಾ ಹಿಡೀತೇನಿ.’

ಹಿಡಿದ. ಗಟ್ಟಿಯಾಗಿ ಒತ್ತಿಬಿಡು ಎಂದು ಮೈಯೆಲ್ಲ ಹೇಳುತ್ತಿತ್ತು. ಬೆರಳು ಮಾತ್ರ ಕೇಳಲಿಲ್ಲ. ಒತ್ತಬಹುದಾದಷ್ಟು ಒತ್ತಿ, ಗಾಲಿ ಮಣ್ಣಿನ ಮೇಲೆ ಜಾರಲು ತುದಿಗಾಲಲ್ಲಿ ನಿಂತದ್ದು ತಿಳಿದ ಕೂಡಲೇ ಕೂದಲೆಳೆಯಷ್ಟು ಬಿಟ್ಟ. ಮತ್ತೆ ಒತ್ತಿದ. ಕಲ್ಲು ಸಿಡಿಯುವ ಸಪ್ಪಳ ಕಡಿಮೆಯಾಯಿತು. ಗಾಳಿಯ ಸದ್ದು ತಗ್ಗಿತು. ಮುಂದೆ ಅವಳ ಬೆನ್ನು ಬಿಗಿಯಾಗಿರಲಿಲ್ಲ. ಕೆಮ್ಮುತ್ತಲೇ ಅವಳು ಕೈಗಳನ್ನು ನೇರವಾಗಿ ಇಟ್ಟುಕೊಂಡು, ಉಳಿದದ್ದನ್ನು ಅವನಿಗೆ ಬಿಟ್ಟಿದ್ದಳು. ಅದು ಅವನಿಗೆ ತಿಳಿಯಿತು. ಗಾಲಿ ಇನ್ನೊಂದು ಸುತ್ತು ಉರುಳಿತು, ಅರ್ಧ ಉರುಳಿತು, ನಿಂತಿತು. ಇಬ್ಬರೂ ಕಾಲೂರಿದರು.

ಬಯಲಿನಿಂದ ಒಬ್ಬ ಹೆಂಗಸು ಮುಖಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚುತ್ತ, ನೀರಿನ ಕೊಡ ಎತ್ತಿಕೊಂಡು ಏರಿ ಬಂದಳು. ಹೊಳಿಯವ್ವ ಎಂದು ಅವಳ ಹೆಸರು. ಮೆಣಸಿನಕಾಯಿ ತಿರುವುವವರಲ್ಲಿ ಅವಳೇ ಹಿರಿಯಳು. ‘ಕಣ್ಣ ತಿಕ್ಕಬ್ಯಾಡವ್ವಾ, ನೀರ ಹೊಡಕೋ. ಗಾಳಿ ಹಿಂಗ ತಿರಗತೈತಂತ ನಮಗೂ ಗೊತ್ತಾಗಲಿಲ್ಲ,’ ಎಂದಳು. 

ಮೇಘಾಳ ಮುಖಕ್ಕೆ ತಾನೇ ನೀರು ಹಾಕಿದಳು. ಆಮೇಲೆ ಮನೋಹರನ ಕಡೆ ತಿರುಗಿದಳು. ‘ನಿಮಗೇನೂ ಆಗಿಲ್ಲೇನ್ರಿ ಯಪ್ಪಾ? ನಿಮಗ ದಾರಿ ಕಾಣ್ತಿತ್ತೇನು?’

‘ಇಲ್ಲಬೇ. ನನಗ ಕಣ್ಣ ಹೋಗಿ ಭಾಳ ದಿನಾ ಆತು.’

ಹೊಳಿಯವ್ವ ಕೊಡ ಕೆಳಗಿಟ್ಟಳು. ‘ಆಕಿಗೆ ಕಾಣವಲ್ದು, ನಿಮಗ ಕಾಣೂದಿಲ್ಲ. ಮತ್ತ ಇದನ್ನ ನಿಲ್ಲಿಸಿದವರ ಯಾರು?’

‘ಅವರ ನಿಲ್ಲಿಸಿದ್ರು,’ ಎಂದಳು ಮೇಘಾ, ಮುಖ ಒರೆಸಿಕೊಳ್ಳುತ್ತ.

ಹೊಳಿಯವ್ವ ಇಬ್ಬರನ್ನೂ ಒಬ್ಬರಾದ ಮೇಲೊಬ್ಬರನ್ನು ನೋಡಿದಳು. ಮನೋಹರನ ಕೆನ್ನೆ ಸವರಿ ನೆಟಿಗೆ ಮುರಿದಳು. ಕೊಡ ಎತ್ತಿಕೊಂಡು ಇಳಿದು ಹೋದಳು.

ಮೇಘಾಳ ಕಣ್ಣು ತಿಳಿಯಾದ ಮೇಲೆ ದಾರಿ ನೋಡಿದಳು. ತಿರುವು ಇನ್ನೂ ಮುಂದಿತ್ತು, ಬಹಳ ಮುಂದೇನಲ್ಲ. ಅದರಾಚೆ ಗುಡ್ಡ ಕಡಿದಾಗಿ ಇಳಿದಿತ್ತು. ಅವಳು ಇದ್ದದ್ದನ್ನು ಇದ್ದ ಹಾಗೆ ಅವನಿಗೆ ಹೇಳಿದಳು. ಮನೋಹರ ಕೇಳಿಸಿಕೊಂಡ. ಹಿಡಿಕೆಯ ಮೇಲಿನ ಬೆರಳನ್ನು ಅವನು ಇನ್ನೂ ತೆಗೆದಿರಲಿಲ್ಲ. ಮೇಘಾ ಅದನ್ನು ಮೆಲ್ಲಗೆ ಬಿಡಿಸಿ ತನ್ನ ಕೆನ್ನೆಗೆ ಒತ್ತಿಕೊಂಡಳು. ಚುಕ್ಕಿಗಳ ಗುರುತು ಬೆರಳಿನಲ್ಲಿ ಮೂಡಿತ್ತು.

ದಾರಿಯ ಬದಿಯ ಕಲ್ಲಿನ ಮೇಲೆ ಕೂತು ಅವರು ರೊಟ್ಟಿ ಬುತ್ತಿ ಬಿಚ್ಚಿದರು. ಗಾಳಿ ದಿಕ್ಕು ಬದಲಿಸಿತ್ತು. ಕೆಳಗೆ ಹೆಂಗಸರ ಹಾಡಿನಂಥ ಮಾತು, ಒಣ ಮೆಣಸಿನಕಾಯಿಯೊಳಗೆ ಬೀಜ ಅಲುಗುವ ಸರಸರ ಸದ್ದು. ಮನೋಹರ ಒಂದು ತುತ್ತು ತಿಂದು, ಗುಡ್ಡದ ತುದಿ ಎಲ್ಲಿದೆಯೋ ಆ ಕಡೆಗೆ ಸರಿಯಾಗಿ ಮುಖ ತಿರುಗಿಸಿದ.

‘ಮೇಘಾ, ದಣದೀಯೇನು?’

‘ಯಾಕ?’

‘ಮತ್ತೊಂದ್ಸಲ ಹತ್ತೂನು. ಮ್ಯಾಲಿಂದ ಪೂರಾ ಇಳೀಬೇಕು ಇವತ್ತ.’

ಅವಳು ಅವನನ್ನೊಮ್ಮೆ, ಇಳಿಜಾರನ್ನೊಮ್ಮೆ ನೋಡಿದಳು. ಬ್ರೇಕಿನ ತಟ್ಟೆಯ ಹತ್ತಿರ ಕೈ ಒಯ್ದು ನೋಡಿದಳು. ಇನ್ನೂ ಬಿಸಿ ಇತ್ತು. ‘ಇದು ಆರಲಿ ತಡೀರಿ,’ ಎಂದಳು. ಉಳಿದ ರೊಟ್ಟಿಯನ್ನು ಎರಡು ಪಾಲು ಮಾಡಿದಳು.